ಬಂಡಿ ಬಿಡುವ ಬಯಲು

ದಾವಣಗೆರೆ ಎಂಬ ಹೆಸರು ಬಂದ ಬಗೆಗೆ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ದಣಿದು ಬಂದ ಚಾಲುಕ್ಯರ ಸೈನ್ಯದ ಕುದುರೆಗಳ ದಾಹ ತೀರಿಸಿದ ಕೆರೆ ಎಂಬುದು ಒಂದು ಕಥೆ. ಆ ಕುದುರೆಗಳನ್ನು ದಾವಣಿ ಹಾಕಿ ಕಟ್ಟಿದ ಕೆರೆ ಎಂಬುದು ಇನ್ನೊಂದು. ದಾವಣಿ ಎಂದರೆ ಎರಡು ಗೂಟಗಳ ನಡುವೆ ಬಿಗಿದ ಉದ್ದನೆಯ ಹಗ್ಗ. ಅದಕ್ಕೆ ದನಗಳನ್ನು ಸಾಲಾಗಿ ಕಟ್ಟುವುದು ರೂಢಿ. ಇವುಗಳಲ್ಲಿ ಯಾವುದು ಶಾಸ್ತ್ರಕ್ಕೆ ಒಪ್ಪುತ್ತದೆ ಎಂಬುದು ಭಾಷಾ ಪಂಡಿತರ ವಿಚಾರ. ಆದರೆ ಎರಡೂ ಕಥೆಗಳು ಹೇಳುವ ಸಂಗತಿ ಒಂದೇ: ಹೊರಗಿನಿಂದ ಬಂದವರು ಇಲ್ಲಿ ನಿಂತರು, ಪ್ರಾಣಿಗಳಿಗೆ ನೀರು ಕುಡಿಸಿದರು, ಕಟ್ಟಿಹಾಕಿದರು, ಒಲೆ ಹೂಡಿದರು.

ಜನ ಸೇರುವುದು ದೇವರಿಗಾಗಿಯೋ ಆಟಕ್ಕಾಗಿಯೋ ಸಂತೆಗಾಗಿಯೋ ಇರಬಹುದು. ಎಲ್ಲಿ ಸೇರಿದರೂ ಮೂರು ಪ್ರಶ್ನೆಗಳು ಏಳುತ್ತವೆ. ಬಂದ ವಾಹನ ಎಲ್ಲಿ ನಿಲ್ಲಬೇಕು? ಬಂದವರು ಏನು ಉಣ್ಣಬೇಕು? ಪರಊರಿನವರು ಮತ್ತೊಮ್ಮೆ ಬರಬೇಕಾದರೆ ಊರಿನವರು ಏನು ಮಾಡಬೇಕು? ಅಮೆರಿಕದ ವಿಶ್ವವಿದ್ಯಾಲಯಗಳು ಫುಟ್‌ಬಾಲ್ ಪಂದ್ಯದ ದಿನ ಇದೇ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ. ಅಲ್ಲಿನ ಕಾಲೇಜು ಫುಟ್‌ಬಾಲಿನ ಮೊದಲ ಪಂದ್ಯ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ತಂಡಗಳ ನಡುವೆ 1869ರ ನವೆಂಬರ್ 6ರಂದು ನಡೆಯಿತು. ಇಂದು ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಪಂದ್ಯಕ್ಕೆ ಹಲವು ಗಂಟೆ ಮೊದಲೇ ಜನ ಬಂದು ಕಾರು, ಟ್ರಕ್ಕುಗಳನ್ನು ಬಯಲಿನಲ್ಲಿ ನಿಲ್ಲಿಸುತ್ತಾರೆ. ಹಿಂದಿನ ಹಲಗೆ ಇಳಿಸಿ, ಅದನ್ನೇ ಮೇಜು ಮಾಡಿಕೊಂಡು, ಅಲ್ಲಿಯೇ ಬೇಯಿಸಿ, ನೆರೆಯ ಗಾಡಿಯವರಿಗೂ ಹಂಚಿ ಉಣ್ಣುತ್ತಾರೆ. ಗಾಡಿಯ ಆ ಹಿಂಬದಿಯ ಹಲಗೆಗೆ ಅವರು ಟೇಲ್‌ಗೇಟ್ ಎನ್ನುತ್ತಾರೆ. ಊಟಕ್ಕೂ ಅದೇ ಹೆಸರು ಬಿದ್ದಿದೆ.

ತುಂಗಭದ್ರೆಯ ಎರಡೂ ದಡದ ರೈತರಿಗೆ ಇದರಲ್ಲಿ ಹೊಸತೇನೂ ಕಾಣದು. ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗಿ, ಬಯಲಿನಲ್ಲಿ ಕೊಳ್ಳು ಹರಿದು, ಮೂರು ಕಲ್ಲಿನ ಒಲೆ ಹೂಡಿ, ಕುಸ್ತಿ ನೋಡಿ ಬರುವುದು ಅವರ ಅಜ್ಜ ಮುತ್ತಜ್ಜಂದಿರ ಕಾಲದ ಪದ್ಧತಿ. ಕೊಳ್ಳು ಹರಿಯುವುದು ಎಂದರೆ ನೊಗದಿಂದ ಎತ್ತುಗಳನ್ನು ಬಿಡಿಸುವುದು. ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಅಳಿಯುತ್ತಿರುವುದು ಆ ಬಯಲು.

ಸುಗ್ಗಿ ಮತ್ತು ಹುಣ್ಣಿಮೆ

ಬಯಲುಸೀಮೆಯ ದೊಡ್ಡ ಜಾತ್ರೆಗಳಲ್ಲಿ ಬಹುಪಾಲು ಪುಷ್ಯದಿಂದ ಚೈತ್ರದವರೆಗೆ ಬರುತ್ತವೆ. ಸವದತ್ತಿಯ ಎಲ್ಲಮ್ಮನಿಗೆ ಬನದ ಹುಣ್ಣಿಮೆ, ಭರತ ಹುಣ್ಣಿಮೆ. ಮೈಲಾರದ ಕಾರಣಿಕ ಭರತ ಹುಣ್ಣಿಮೆಯ ಬೆನ್ನಿಗೆ. ಉಳವಿಯ ಚೆನ್ನಬಸವೇಶ್ವರನ ತೇರು, ಕೊಟ್ಟೂರಿನ ಗುರುಬಸವೇಶ್ವರನ ತೇರು ಮಾಘದಲ್ಲಿ. ಪಂಚಾಂಗ ಇದಕ್ಕೆ ಧಾರ್ಮಿಕ ಕಾರಣ ಕೊಡುತ್ತದೆ. ಬೇಸಾಯವೂ ತನ್ನ ಕಾರಣ ಕೊಡುತ್ತದೆ.

ಆ ಹೊತ್ತಿಗೆ ಜೋಳ ಕೊಯ್ದು ಒಕ್ಕಣೆ ಮುಗಿದಿರುತ್ತದೆ. ಮನೆಯಲ್ಲಿ ಕಾಳು, ಕೈಯಲ್ಲಿ ಕಾಸು ಇರುವ ದಿನಗಳವು. ಎತ್ತಿಗೆ ಕೆಲಸವಿಲ್ಲ. ಕಪ್ಪು ನೆಲದ ದಾರಿ ಮಳೆಗಾಲದಲ್ಲಿ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಮಾಘದಲ್ಲಿ ಅದು ಒಣಗಿ ಗಟ್ಟಿಯಾಗಿರುತ್ತದೆ. ಬಿಸಿಲು ತಪ್ಪಿಸಿ ರಾತ್ರಿ ಪಯಣ ಮಾಡುವವರಿಗೆ ಹುಣ್ಣಿಮೆಯ ಬೆಳಕು ದಾರಿದೀಪ. ಎಲ್ಲಕ್ಕಿಂತ ಮುಖ್ಯವಾಗಿ, ಕೊಯ್ಲಾದ ಹೊಲಗಳು ಖಾಲಿ ಬಿದ್ದಿರುತ್ತವೆ. ಸಾವಿರ ಬಂಡಿ ಬಂದರೂ ಬೆಳೆ ತುಳಿಯುವ ಭಯವಿಲ್ಲ. ಬಂದ ಎತ್ತುಗಳ ಸಗಣಿ ಹೊಲದಲ್ಲೇ ಉಳಿಯುವುದರಿಂದ ಹೊಲದೊಡೆಯನಿಗೆ ಲಾಭವೇ. ಕುರಿಗಾರರನ್ನು ಕರೆದು ಹೊಲದಲ್ಲಿ ಕುರಿ ತರುಬಿಸಿ ಕಾಳು ಕೊಡುವ ನಾಡಿನಲ್ಲಿ ಈ ಲೆಕ್ಕ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಬಂಡಿಯ ವೇಗವೇ ಊಟದ ಪದ್ಧತಿಯನ್ನೂ ನಿರ್ಧರಿಸಿತು. ಎತ್ತಿನ ಬಂಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಸಾಗುತ್ತದೆ. ಎತ್ತುಗಳಿಗೆ ಮೇವು, ವಿಶ್ರಾಂತಿ ಕೊಟ್ಟು ನಡೆಸಿದರೆ ದಿನಕ್ಕೆ 25ರಿಂದ 30 ಕಿಲೋಮೀಟರ್. ಅರವತ್ತು ಕಿಲೋಮೀಟರ್ ದೂರದ ಜಾತ್ರೆಗೆ ಹೋಗಲು ಎರಡು ದಿನ, ಬರಲು ಎರಡು ದಿನ, ಅಲ್ಲಿ ಮೂರು ದಿನ. ಒಟ್ಟಿನಲ್ಲಿ ಒಂದು ವಾರ ಮನೆ ಬಿಟ್ಟಂತೆ. ಹೀಗಾಗಿ ಮನೆಯನ್ನೇ ಬಂಡಿಗೆ ಏರಿಸಬೇಕಾಗುತ್ತಿತ್ತು. ಹೊರಡುವ ವಾರ ಮೊದಲೇ ಎತ್ತಿಗೆ ಲಾಳ ಕಟ್ಟಿಸುವುದು, ಅಚ್ಚಿಗೆ ಹರಳೆಣ್ಣೆ ಸವರುವುದು, ಕಮಾನು ಕಟ್ಟಿ ಗುಡಾರ ಹೊದಿಸುವುದು ನಡೆಯುತ್ತಿತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ ಬರುತ್ತಿತ್ತು. ಬಂಡಿಯ ತಳಕ್ಕೆ ಮೇವು, ಅದರ ಮೇಲೆ ಜಮಖಾನ, ಅದರ ಮೇಲೆ ಮುದುಕರು, ಮಕ್ಕಳು.

ಬುತ್ತಿಯಲ್ಲೂ ಒಂದು ಕ್ರಮವಿತ್ತು. ಮೊದಲ ದಿನಕ್ಕೆ ಬುತ್ತಿಯನ್ನ, ಪಲ್ಯ. ಆಮೇಲಿನ ದಿನಗಳಿಗೆ ಬಿಸಿಲಲ್ಲಿ ಕೆಡದ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕರ್ಜಿಕಾಯಿ, ಉಂಡಿ. ಹೊತ್ತಲ್ಲದ ಹೊತ್ತಿನ ಹಸಿವಿಗೆ ಮಂಡಕ್ಕಿ. ಚೀಲ ತುಂಬ ಇದ್ದರೂ ಭಾರವಿಲ್ಲದ, ಒಲೆ ಬೇಡದ, ಬೇಗ ಕೆಡದ ತಿನಿಸು ಇದು. ದಾವಣಗೆರೆಯಲ್ಲಿ ಒಂದು ಬಡಾವಣೆಯೇ ಮಂಡಕ್ಕಿ ಭಟ್ಟಿಯ ಹೆಸರು ಹೊತ್ತು ನಿಂತಿರುವುದಕ್ಕೂ, ಜಾತ್ರೆಗೆ ಹೋದವರು ಮಂಡಕ್ಕಿ ಬೆಂಡುಬೆತ್ತಾಸು ತರದೆ ಮನೆಗೆ ಬರಬಾರದು ಎಂಬ ರೂಢಿಗೂ ಈ ಪಯಣದ ನೆಂಟಿದೆ.

ಬಯಲಿನ ಕಾಯಿದೆ

ಎರಡು ಸಾವಿರ ಎತ್ತು ಒಂದೆಡೆ ನಿಂತರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಬೇಸಿಗೆಯಲ್ಲಿ ಎತ್ತೊಂದಕ್ಕೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಸಾವಿರ ಬಂಡಿ ಸೇರಿದ ಜಾತ್ರೆಗೆ ಎತ್ತುಗಳಿಗೆಂದೇ ದಿನಕ್ಕೆ 60 ಸಾವಿರದಿಂದ 80 ಸಾವಿರ ಲೀಟರ್ ಬೇಕಾಗುತ್ತದೆ. ಬಾವಿಯಿಂದ ಸೇದಿ ಇದನ್ನು ಪೂರೈಸುವುದು ಆಗದ ಮಾತು. ಆದ್ದರಿಂದಲೇ ದೊಡ್ಡ ಜಾತ್ರೆಗಳ ತಂಗುಬಯಲು ಹೊಳೆಯ ದಂಡೆಯಲ್ಲೋ ಕೆರೆಯಂಗಳದಲ್ಲೋ ಇರುತ್ತದೆ. ಹೊಳೆ ದೂರವಿದ್ದಲ್ಲಿ ಶ್ರೀಮಂತರು ಅರವಟಿಗೆ ಇಡಿಸುತ್ತಿದ್ದರು, ಕಲ್ಲಿನ ದೋಣಿಗಳನ್ನು ಕಡೆಸಿ ಹಾಕಿಸುತ್ತಿದ್ದರು. ಅರವಟಿಗೆಗೆ ಭೂಮಿ ಬಿಟ್ಟುಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಗುಡಿ ಕಟ್ಟಿಸಿದಷ್ಟೇ ಪುಣ್ಯ ದಾರಿಹೋಕನಿಗೆ ನೀರು ಕೊಟ್ಟದ್ದಕ್ಕೂ ಇದೆ ಎಂಬ ನಂಬಿಕೆ ಅವುಗಳ ಹಿಂದಿದೆ.

ಬಂಡಿ ನಿಲ್ಲಿಸಲು ಬರೆದಿಟ್ಟ ನಿಯಮವಿರಲಿಲ್ಲ, ಆದರೆ ನಿಯಮವಿತ್ತು. ಒಂದು ಊರಿನ ಬಂಡಿಗಳು ಒಂದೆಡೆ. ಕಳೆದ ವರ್ಷ ಯಾವ ಮರದ ಕೆಳಗೆ ಬಿಟ್ಟಿದ್ದರೋ ಈ ವರ್ಷವೂ ಅಲ್ಲಿಯೇ. ಇನ್ನೊಂದು ಊರಿನವರು ಮೊದಲೇ ಬಂದರೂ ಆ ಜಾಗಕ್ಕೆ ಕೈ ಹಾಕುತ್ತಿರಲಿಲ್ಲ. ಮೂಕಿಗಳನ್ನು ನೆಲಕ್ಕೆ ಊರಿ, ಬಂಡಿಗಳನ್ನು ಬಳಸಿ ನಿಲ್ಲಿಸಿದರೆ ನಡುವೆ ಒಂದು ಅಂಗಳ ಸಿದ್ಧವಾಗುತ್ತಿತ್ತು. ಒಳಗೆ ಒಲೆ, ಹೆಂಗಸರು, ಮಕ್ಕಳು. ಹೊರಗೆ ದಾವಣಿ, ಎತ್ತು, ಕಾವಲಿಗೆ ಗಂಡಸರು. ಗಾಳಿ ಬೀಸುವ ದಿಕ್ಕು ನೋಡಿಯೇ ಒಲೆ ಹೂಡಬೇಕು. ಒಂದು ಕಿಡಿ ಹಾರಿದರೆ ಮೇವಿಗೆ, ಗುಡಾರಕ್ಕೆ ಬೆಂಕಿ.

ಒಲೆ ಹತ್ತಿದ ಮೇಲೆ ಬಯಲಿಗೆ ಊರಿನ ಕಳೆ ಬರುತ್ತದೆ. ಎಲ್ಲಮ್ಮನ ಗುಡ್ಡದಲ್ಲಿ ಬಂದವರು ತಾವೇ ಹೋಳಿಗೆ, ಕಡಬು ಮಾಡಿ ಪಡ್ಡಲಗಿ ತುಂಬಿಸಿ ಆಮೇಲೆ ಉಣ್ಣುತ್ತಾರೆ. ಅಡುಗೆ ಅಲ್ಲಿ ಹೊಟ್ಟೆಪಾಡಿನ ಕೆಲಸ ಮಾತ್ರವಲ್ಲ, ಹರಕೆಯ ಭಾಗ. ಪಕ್ಕದ ಬಂಡಿಯವರಿಗೆ ಒಂದು ತುತ್ತು ಕೊಡದೆ ಉಣ್ಣುವುದು ಅಲ್ಲಿ ನಾಚಿಕೆಯ ವಿಷಯ. ಹೀಗೆ ಹಂಚಿಕೊಂಡ ರೊಟ್ಟಿಯ ಮೇಲೆ ಎತ್ತಿನ ವ್ಯಾಪಾರ ಕುದುರುತ್ತಿತ್ತು, ಹೆಣ್ಣುಗಂಡಿನ ಮಾತು ಮುಂದುವರಿಯುತ್ತಿತ್ತು, ಎಷ್ಟೋ ಹಳೆಯ ಜಗಳಗಳು ಹರಿಯುತ್ತಿದ್ದವು.

ಮೂರು ಸರಕಾರ, ಒಂದು ಜಾತ್ರೆ

ಹರಿಹರದ ಕೆಳಗೆ ತುಂಗಭದ್ರೆ ಹರಿದು ಹೋಗುವ ದಾರಿಯಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಸಿಗುತ್ತದೆ. ಇಲ್ಲಿನ ಮೈಲಾರಲಿಂಗನ ಜಾತ್ರೆಯ ಮುಖ್ಯ ಘಟನೆ ಕಾರಣಿಕ. ಡೆಂಕನ ಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆತ ನುಡಿಯುವ ಒಂದೇ ವಾಕ್ಯವನ್ನು ಆ ವರ್ಷದ ಮಳೆಬೆಳೆಗೂ ರಾಜಕಾರಣಕ್ಕೂ ಅನ್ವಯಿಸಿ ವರ್ಷವಿಡೀ ಚರ್ಚೆ ನಡೆಯುತ್ತದೆ.

ಸ್ವಾತಂತ್ರ್ಯಕ್ಕೆ ಮೊದಲು ಈ ಜಾತ್ರೆಗೆ ಬರುವವರ ಬಂಡಿಗಳು ಮೂರು ಆಡಳಿತಗಳ ನೆಲ ದಾಟಬೇಕಿತ್ತು. ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನದಲ್ಲಿದ್ದವು. ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತದಲ್ಲಿತ್ತು. ಮೈಲಾರ, ಹರಪನಹಳ್ಳಿಗಳು ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಮೂರು ಕಡೆಯ ಕಂದಾಯ, ಮೂರು ಕಡೆಯ ಪೊಲೀಸು, ಮೂರು ಕಡೆಯ ಕಚೇರಿ ಭಾಷೆ. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ರಾಣೆಬೆನ್ನೂರಿನ ಕಡೆಯವರು ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಬಹಳ ಮೊದಲೇ ಭರತ ಹುಣ್ಣಿಮೆಯ ಬಯಲಿನಲ್ಲಿ ಇವರೆಲ್ಲರ ಒಲೆಗಳು ಒಂದೇ ಸಾಲಿನಲ್ಲಿ ಉರಿಯುತ್ತಿದ್ದವು. ಏಕೀಕರಣದ ಚರಿತ್ರೆ ಬರೆಯುವವರು ಸಭೆ, ಸಮ್ಮೇಳನ, ಪತ್ರಿಕೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೂರು ಸರಕಾರದ ರೈತರು ವರ್ಷಕ್ಕೊಮ್ಮೆ ಒಂದೇ ಹೊಳೆಯ ನೀರಿನಲ್ಲಿ ಎತ್ತು ತೊಳೆದದ್ದನ್ನೂ ಅದರಲ್ಲಿ ಸೇರಿಸುವುದು ನ್ಯಾಯ.

ಹೊರಗಿನವರನ್ನು ಬರಮಾಡಿಕೊಳ್ಳುವುದು ದಾವಣಗೆರೆಗೆ ವ್ಯಾಪಾರದಿಂದಲೂ ಬಂದ ಗುಣ. ಬೇತೂರಿನ ಮಗ್ಗುಲಿನ ಚಿಕ್ಕ ಹಳ್ಳಿಯಾಗಿದ್ದ ಇದನ್ನು ಹೈದರ್ ಅಲಿ ಮರಾಠಾ ಸರದಾರ ಅಪೋಜಿ ರಾಮನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಹೇರೆತ್ತುಗಳ ಮೇಲೆ ದೂರದ ವಾಲಾಜಾಪೇಟೆಯವರೆಗೂ ಹೋಗುತ್ತಿತ್ತು. ಕಂಬಳಿ ವ್ಯಾಪಾರವೂ ಜೋರಾಗಿತ್ತು. ಎತ್ತುಗಳು ತಂಗಿದಲ್ಲಿ ಪೇಟೆ ಹುಟ್ಟಿತು. ಪೇಟೆ ಬೆಳೆದಲ್ಲಿ ಜಾತ್ರೆಯೂ ಬೆಳೆಯಿತು.

ಮಟ್ಟಿಯ ಆಕರ್ಷಣೆ

ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ ಜಾತ್ರೆ, ಜನರ ಬಾಯಲ್ಲಿ ‘ದುಗ್ಗಮ್ಮನ ಜಾತ್ರೆ’, ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಪೂಜೆಗೆ ಬರುವವರಷ್ಟೇ ಉತ್ಸಾಹದಿಂದ ಬಯಲು ಕುಸ್ತಿಗೆಂದು ಬರುವವರೂ ಇದ್ದಾರೆ. ಟಗರಿನ ಕಾಳಗಕ್ಕೂ ಜನ ಮುಗಿಬೀಳುತ್ತಾರೆ.

ಹಬ್ಬಕ್ಕೂ ಕುಸ್ತಿಗೂ ಇರುವ ನಂಟು ಈ ನಾಡಿನಲ್ಲಿ ಹಳೆಯದು. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ವೈಭವದ ನಡುವೆ ಜಟ್ಟಿಗಳ ಕಾಳಗವನ್ನೂ ವರ್ಣಿಸಿದ್ದಾನೆ. ಅರಮನೆಯ ಮುಂದೆ ನಡೆಯುತ್ತಿದ್ದ ಆ ಪಂದ್ಯ ಮೈಸೂರಿನ ದಸರೆಗೆ ಬಂತು. ಊರ ಮುಂದಿನ ಕುಸ್ತಿ ಗರಡಿಮನೆಗಳ ಆಶ್ರಯದಲ್ಲಿ ಬೆಳೆಯಿತು.

ಪರಊರಿನ ಪೈಲ್ವಾನರನ್ನು, ಅವರ ಹಿಂದೆ ಅವರ ಅಭಿಮಾನಿಗಳನ್ನು ಸೆಳೆಯುವುದು ಒಂದು ಕಲೆ. ಊರಿನವನ ಜೊತೆ ಊರಿನವನನ್ನು ಬಿಟ್ಟರೆ ನೋಡುವವರು ಊರಿನವರಷ್ಟೇ. ಕೊಲ್ಲಾಪುರದವನನ್ನೋ ಬೆಳಗಾವಿಯವನನ್ನೋ ಶಿವಮೊಗ್ಗದವನನ್ನೋ ಕರೆಸಿ ಜೋಡಿ ಕಟ್ಟಿದರೆ ಎರಡೂ ಸೀಮೆಯ ಜನ ಬರುತ್ತಾರೆ. ಹೀಗಾಗಿ ಜಾತ್ರಾ ಸಮಿತಿಗಳು ಕರಪತ್ರ ಹಂಚಿ, ಬೆಳ್ಳಿ ಗದೆ, ಬೆಳ್ಳಿ ಕಡೆ, ನಗದು ಇನಾಮು ಸಾರುತ್ತವೆ. ಸೋತವನಿಗೂ ದಾರಿಖರ್ಚು ಕೊಟ್ಟು ಕಳಿಸುವುದು ಮರ್ಯಾದೆ. ಹೊರಗಿನವನು ಗೆದ್ದಾಗ ಊರಿನ ಜನ ಹೇಗೆ ನಡೆದುಕೊಂಡರು ಎಂಬುದರ ಮೇಲೆ ಮುಂದಿನ ಜಾತ್ರೆಗೆ ಯಾರು ಬರುತ್ತಾರೆ ಎಂಬುದು ನಿಂತಿರುತ್ತದೆ. ಗೆದ್ದ ಪರಊರಿನವನಿಗೆ ಪೇಟ ಸುತ್ತಿ ಹಲಗೆಯ ಸದ್ದಿನೊಂದಿಗೆ ಕಣ ಸುತ್ತಿಸುವ ಊರಿಗೆ ಪೈಲ್ವಾನರು ಮತ್ತೆ ಬರುತ್ತಾರೆ. ಕಲ್ಲು ತೂರಿದ ಊರಿಗೆ ಬರುವುದಿಲ್ಲ.

ಜಂಗಿ ನಿಕಾಲಿ ಕುಸ್ತಿಯಲ್ಲಿ ಅಂಕವಿಲ್ಲ. ಒಬ್ಬನ ಬೆನ್ನು ಮಟ್ಟಿಗೆ ತಾಗುವವರೆಗೂ ಪಂದ್ಯ. ಇಂಥದ್ದನ್ನು ನೋಡಲು ಎತ್ತರ ಬೇಕು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿ 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನದಲ್ಲಿ ಕಣವನ್ನು ತಗ್ಗಿನಲ್ಲಿಟ್ಟು ಸುತ್ತ ಇಳಿಜಾರು ಮಾಡಿ, ಹಿಂದೆ ಕೂತವನಿಗೂ ಕಾಣುವಂತೆ ಮಾಡಿದರು. ಅಷ್ಟು ಖರ್ಚು ಮಾಡಲಾಗದ ಊರುಗಳಲ್ಲಿ ಬಂಡಿಗಳೇ ಗ್ಯಾಲರಿಯಾದವು. ಮುಂದೆ ನೆಲದ ಮೇಲೆ ಹುಡುಗರು, ಅವರ ಹಿಂದೆ ನಿಂತ ಗಂಡಸರು, ಅವರ ಹಿಂದೆ ಬಂಡಿಯೇರಿ ನಿಂತವರು. ರಾತ್ರಿ ಬಯಲಾಟ ನಡೆದಾಗಲೂ ಅದೇ ಬಂಡಿ ಮಂಚವಾಯಿತು, ಮಕ್ಕಳು ಅದರಲ್ಲೇ ಮಲಗಿದರು.

ನೆಂಟರ ಊಟ

ದುಗ್ಗಮ್ಮನ ಜಾತ್ರೆಗೆ ಬರುವವರೆಲ್ಲ ಬಯಲಿನಲ್ಲಿ ಇಳಿಯುವುದಿಲ್ಲ. ಅವರಲ್ಲಿ ಬಹಳ ಮಂದಿ ನೆಂಟರು. ಕೊಟ್ಟ ಹೆಣ್ಣುಮಕ್ಕಳು ಗಂಡ ಮಕ್ಕಳೊಂದಿಗೆ ತವರಿಗೆ ಬರುತ್ತಾರೆ. ಬೀಗರು, ಬೀಗರ ಕಡೆಯವರು, ಗೆಳೆಯರು, ಗೆಳೆಯರ ಗೆಳೆಯರು ಬರುತ್ತಾರೆ. ಹೋಳಿಗೆಯ ಊಟ, ಬಾಡೂಟ ಎರಡಕ್ಕೂ ಮನೆಯ ಮುಂದೆ ಶಾಮಿಯಾನ ಏಳುತ್ತದೆ. ಬಡವನಾದರೂ ಸಾಲ ಮಾಡಿ ಕುರಿ ತರುತ್ತಾನೆ. ಮನೆಗೆ ಎಷ್ಟು ಜನ ಬಂದರು ಎಂಬುದೇ ಆ ವಾರ ಗೌರವದ ಅಳತೆ. ಈ ಸಾಲದ ಹೊರೆಯನ್ನು ಟೀಕಿಸುವವರು ಊರಿನಲ್ಲೇ ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಎರಡು ವರ್ಷಕ್ಕೊಮ್ಮೆ ತವರಿನ ಅಂಗಳದಲ್ಲಿ ಕೂತು ಉಣ್ಣುವ ಹೆಣ್ಣುಮಗಳಿಗೆ ಅದು ಕೇವಲ ಊಟವಲ್ಲ. ತನಗೆ ಇನ್ನೂ ಅಲ್ಲಿ ಒಂದು ಜಾಗವಿದೆ ಎಂಬುದರ ಸಾಕ್ಷಿ.

ಬಲಿಯ ಪ್ರಶ್ನೆಯೂ ಇದರೊಂದಿಗೆ ಅಂಟಿಕೊಂಡಿದೆ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ ರಾಜ್ಯದಲ್ಲಿ 1959ರಿಂದ ಇದೆ. ಪ್ರತಿ ಜಾತ್ರೆಯಲ್ಲೂ ಕೋಣ ಬಲಿ ತಡೆಯಲು ಜಿಲ್ಲಾಡಳಿತ ಕಾವಲು ಹಾಕುತ್ತದೆ. ಹರಕೆ ಯಾವುದು, ಹಿಂಸೆ ಯಾವುದು, ನೆಂಟರ ಊಟ ಯಾವುದು ಎಂಬ ವಾದ ಪ್ರತಿ ಸಲವೂ ಹೊಸದಾಗಿ ನಡೆಯುತ್ತದೆ.

ಮನೆಯವರೇ ಹೊತ್ತುಕೊಳ್ಳುವ ಇಂಥ ಆತಿಥ್ಯದ ಇನ್ನೊಂದು ರೂಪ ಕೊಡಗಿನಲ್ಲಿದೆ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡ ಗ್ರಾಮದಲ್ಲಿ 60 ತಂಡಗಳೊಂದಿಗೆ ಆರಂಭವಾಯಿತು. ಪಾಂಡಂಡ ಕುಟ್ಟಪ್ಪ ಅವರ ಕಲ್ಪನೆಯದು. ಪ್ರತಿ ವರ್ಷ ಒಂದು ಕುಟುಂಬ ಯಜಮಾನಿಕೆ ವಹಿಸುತ್ತದೆ. ಮೈದಾನ, ಗ್ಯಾಲರಿ, ಊಟದ ವ್ಯವಸ್ಥೆ ಎಲ್ಲಕ್ಕೂ ಅದೇ ಹೊಣೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವಕ್ಕೆ 360 ತಂಡಗಳು ಬಂದವು. ದೂರದ ಊರುಗಳಲ್ಲಿ ನೌಕರಿಯಲ್ಲಿರುವವರು ರಜೆ ಹಾಕಿ ಬರುತ್ತಾರೆ. ಪಂದ್ಯ ಒಂದು ನೆಪ; ಕಾರಣ ಒಕ್ಕಲು ಒಂದೆಡೆ ಸೇರುವುದು.

ಬೇನೆ, ರೈಲು, ಟ್ರಾಕ್ಟರು

ಜಾತ್ರೆಯ ಬಯಲು ಸರಕಾರದ ಕಣ್ಣಿಗೆ ಬಿದ್ದದ್ದು ಮೊದಲು ರೋಗದ ಕಾರಣಕ್ಕೆ. 1867ರ ಹರಿದ್ವಾರದ ಕುಂಭಮೇಳದಿಂದ ಮರಳಿದ ಯಾತ್ರಿಕರೊಂದಿಗೆ ಕಾಲರಾ ಉತ್ತರ ಭಾರತದ ಊರೂರಿಗೆ ಹರಡಿತು. ಆ ಬಳಿಕ ದೇಶದ ದೊಡ್ಡ ಜಾತ್ರೆಗಳಲ್ಲೆಲ್ಲ ಆರೋಗ್ಯ ಸಿಬ್ಬಂದಿ, ಕುಡಿಯುವ ನೀರಿಗೆ ಕಾವಲು, ಪಾಯಖಾನೆಯ ಕಂದಕ, ಬಂದವರ ಮೇಲೆ ತೆರಿಗೆ ಕಾಣಿಸಿಕೊಂಡವು. ತೆರಿಗೆಗೆ ಜನ ಗೊಣಗಿದರು. ಆದರೆ ನೀರು ಶುದ್ಧವಾದದ್ದರಿಂದ ಎಷ್ಟೋ ಜೀವ ಉಳಿದವು. ಎತ್ತುಗಳಿಗೂ ಇದೇ ಕಥೆ. ಚರ್ಮಗಂಟು ರೋಗ ಹರಡಿದ 2022ರಲ್ಲಿ ರಾಜ್ಯದಲ್ಲಿ ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು.

ಎರಡನೆಯ ಬದಲಾವಣೆ ತಂದದ್ದು ವಾಹನ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹರಿಹರದ ಮೇಲೆ ರೈಲು ಹಾಯಿತು. ಪುಣೆ-ಬೆಂಗಳೂರು ರಸ್ತೆ ಡಾಂಬರು ಕಂಡ ಮೇಲೆ ಬಸ್ಸುಗಳು ಬಂದವು. ಬಸ್ಸಿನಲ್ಲಿ ಬಂದವನು ಬೆಳಿಗ್ಗೆ ಇಳಿದು ಸಂಜೆ ಮರಳಬಲ್ಲ. ಅವನಿಗೆ ಒಲೆ ಬೇಡ, ಬುತ್ತಿ ಬೇಡ. ಮಿರ್ಚಿ ಮಂಡಕ್ಕಿ ಅಂಗಡಿ ಸಾಕು. ಹೀಗೆ ಒಂದು ವಾರದ ಜಾತ್ರೆ ಒಂದು ದಿನಕ್ಕೆ ಇಳಿಯಿತು. ಅಡುಗೆ ಮನೆಯವರ ಕೈಯಿಂದ ಅಂಗಡಿಯವನ ಕೈಗೆ ಹೋಯಿತು.

ಟ್ರಾಕ್ಟರಿನ ಕಥೆ ಬೇರೆ. ಅದು ಬಂಡಿಯ ಜಾಗಕ್ಕೆ ಬಂದರೂ ಬಂಡಿಯ ಪದ್ಧತಿಯನ್ನು ಅಳಿಸಲಿಲ್ಲ. ಟ್ರೇಲರಿಗೆ ಕಮಾನು ಕಟ್ಟಿ ತಾಡಪತ್ರಿ ಹೊದಿಸಿದರೆ ಹತ್ತಿಪ್ಪತ್ತು ಜನರ ಮನೆ ಸಿದ್ಧ. ಮೈಲಾರಕ್ಕೆ, ಎಲ್ಲಮ್ಮನ ಗುಡ್ಡಕ್ಕೆ ಇಂದಿಗೂ ಹೀಗೆ ಬರುವ ಕುಟುಂಬಗಳು ಟ್ರೇಲರಿನ ಹಿಂಬದಿ ಹಲಗೆ ಇಳಿಸಿ ರೊಟ್ಟಿ ತಟ್ಟುತ್ತವೆ. ಧಾರವಾಡ, ಬೆಳಗಾವಿ ಕಡೆಯಿಂದ ಉಳವಿಗೆ ಕಾಡುದಾರಿಯಲ್ಲಿ ಹೋಗುವ ಚಕ್ಕಡಿಗಳ ಸಾಲೂ ನಿಂತಿಲ್ಲ. ದಾವಣಗೆರೆಯಿಂದ ಕೊಟ್ಟೂರಿಗೆ ಸಾವಿರಾರು ಜನ ನಡೆದೇ ಹೋಗುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗರು ನೀರು, ಮಜ್ಜಿಗೆ, ಉಪ್ಪಿಟ್ಟು ಇಟ್ಟುಕೊಂಡು ಕಾಯುತ್ತಾರೆ. ಹಳೆಯ ಅರವಟಿಗೆಯ ಮಾತನ್ನು ಯಾರೂ ಎತ್ತದಿದ್ದರೂ ಅದು ನಡೆದೇ ಇದೆ.

ಅಮೆರಿಕದಲ್ಲೂ ಇಂಥದೊಂದು ಉದಾಹರಣೆ ಇದೆ. ಮಿಸಿಸಿಪಿ ವಿಶ್ವವಿದ್ಯಾಲಯದ ಗ್ರೋವ್ ಎಂಬ ಮರದ ತೋಪಿನಲ್ಲಿ ಹಿಂದೆ ಕಾರುಗಳನ್ನೇ ನಿಲ್ಲಿಸಿ ಉಣ್ಣುತ್ತಿದ್ದರು. ಮಳೆಯಲ್ಲಿ ಚಕ್ರಗಳು ನೆಲವನ್ನು ಕೆಸರು ಮಾಡಿದ ಮೇಲೆ 1990ರ ದಶಕದ ಆರಂಭದಲ್ಲಿ ಕಾರುಗಳನ್ನು ಹೊರಗಿಟ್ಟರು. ಜನ ಡೇರೆ ಹಾಕಿ ಊಟ ಮುಂದುವರಿಸಿದರು. ಗಾಡಿ ಹೋದರೂ ಊಟ ಉಳಿಯಿತು, ಏಕೆಂದರೆ ನೆಲ ಉಳಿದಿತ್ತು.

ನೆಲ ಯಾರದು?

ಈ ನಾಡಿನ ಬಯಲಿಗೆ ಎದುರಾಗಿರುವ ಪ್ರಶ್ನೆ ಇದೇ. ಜಾತ್ರೆಯ ಬಂಡಿಗಳು ನಿಲ್ಲುತ್ತಿದ್ದದ್ದು ಮೂರು ಬಗೆಯ ನೆಲದಲ್ಲಿ: ಊರ ಗೋಮಾಳ, ಕೆರೆಯಂಗಳ, ಕೊಯ್ಲಾದ ಹೊಲ. ಇವುಗಳಲ್ಲಿ ಯಾವುದೂ ಜಾತ್ರೆಗೆಂದೇ ಬರೆದಿಟ್ಟ ಜಾಗವಲ್ಲ. ಕರ್ನಾಟಕ ಭೂಕಂದಾಯ ನಿಯಮದಂತೆ ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಇರಬೇಕು. ಊರಿನಲ್ಲಿ ದನಗಳ ಸಂಖ್ಯೆ ಇಳಿದಂತೆ ಲೆಕ್ಕದ ಪ್ರಕಾರ ಗೋಮಾಳವೂ ‘ಹೆಚ್ಚುವರಿ’ಯಾಗುತ್ತದೆ. ಹೆಚ್ಚುವರಿ ನೆಲ ಶಾಲೆಗೆ, ನಿವೇಶನಕ್ಕೆ, ಕಚೇರಿಗೆ ಹೋಗುತ್ತದೆ. ಆ ಪ್ರತಿಯೊಂದು ಮಂಜೂರಾತಿಗೂ ಒಳ್ಳೆಯ ಕಾರಣವಿರುತ್ತದೆ. ಎರಡು ವರ್ಷಕ್ಕೊಮ್ಮೆ ಮೂರು ದಿನ ಬರುವ ಪರಊರಿನವನ ಪರವಾಗಿ ಅರ್ಜಿ ಹಾಕುವವರು ಯಾರೂ ಇರುವುದಿಲ್ಲ.

ಕೊಯ್ಲಾದ ಹೊಲಗಳ ಕಥೆಯೂ ಹೀಗೆಯೇ. ಭದ್ರಾ ಕಾಲುವೆಯ ನೀರು ಬಂದ ಹರಿಹರ, ದಾವಣಗೆರೆ ಭಾಗದಲ್ಲಿ ಬೇಸಿಗೆಯಲ್ಲೂ ಭತ್ತದ ಗದ್ದೆ ಹಸಿರಾಗಿರುತ್ತದೆ, ಅಡಿಕೆ ತೋಟ ಹಬ್ಬುತ್ತಿದೆ. ರೈತನಿಗೆ ಅದು ಬದುಕು. ಆದರೆ ಅಲ್ಲಿ ಬಂಡಿ ಬಿಡುವಂತಿಲ್ಲ. ನಗರದ ಅಂಚಿನ ಹೊಲಗಳು ಬಡಾವಣೆಗಳಾಗಿವೆ. ಅಂಥ ಬಡಾವಣೆಗಳಲ್ಲಿ ಒಂದು 1970ರ ದಶಕದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಹೆಸರು ಹೊತ್ತಿದೆ. ಉಳುವವನಿಗೆ ನೆಲ ಕೊಡಿಸಿದ ನಾಯಕನ ಹೆಸರದು. ಅಳೆದು ಹಂಚಿದ ನಿವೇಶನ, ಅಳೆದು ಬಿಟ್ಟ ರಸ್ತೆ. ಜಾತ್ರೆಯ ದಿನಗಳಲ್ಲಿ ಊರಿಗೆ ಬಂದ ನೆಂಟರ ಕಾರು, ಟೆಂಪೊಗಳು ಇಂಥ ಬಡಾವಣೆಗಳ ರಸ್ತೆಯನ್ನೇ ಬಯಲು ಮಾಡಿಕೊಳ್ಳಬೇಕು. ಎದುರು ಮನೆಯವರ ಗೇಟಿಗೆ ಅಡ್ಡ ನಿಂತರೆ ಜಗಳ. ಹಬ್ಬದ ದಿನದ ಜಗಳ ಬೇಗ ಆರುವುದಿಲ್ಲ.

ಅನೇಕ ಜಾತ್ರೆಗಳಲ್ಲಿ ಈಗ ವಾಹನ ನಿಲುಗಡೆಯ ಶುಲ್ಕ ವಸೂಲಿಯನ್ನು ಹರಾಜು ಹಾಕುತ್ತಾರೆ. ಹಣ ಕೊಡುವುದು ತಪ್ಪಲ್ಲ. ನೀರು, ನೆರಳು, ದೀಪಕ್ಕೆ ಖರ್ಚು ಇದ್ದೇ ಇದೆ. ಆದರೆ ಗುತ್ತಿಗೆದಾರನಿಗೆ ಬೇಕಿರುವುದು ಬೇಗ ಬಂದು ಬೇಗ ಹೋಗುವ ವಾಹನ. ಮೂರು ದಿನ ಒಲೆ ಹೂಡಿ ಕೂರುವ ಟ್ರಾಕ್ಟರು ಅವನಿಗೆ ನಷ್ಟ. ಜಾತ್ರೆಗೆ ಜೀವ ತುಂಬುವವನೂ ಆ ಟ್ರಾಕ್ಟರಿನವನೇ, ಗುತ್ತಿಗೆಯ ಲೆಕ್ಕದಲ್ಲಿ ಬೇಡವಾದವನೂ ಅವನೇ.

ಪದ್ಧತಿಯೊಂದು ಊರು ಬಿಟ್ಟು ನಗರಕ್ಕೆ ಹೋಗಬಲ್ಲದೆಂಬುದನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳ ತೋರಿಸಿತು. ಕರಾವಳಿಯಿಂದ ಕೋಣಗಳು ಲಾರಿಯಲ್ಲಿ ಘಟ್ಟ ಹತ್ತಿದವು. ಜೊತೆಗೆ ಯಜಮಾನರು, ಓಟಗಾರರು, ಅಭಿಮಾನಿಗಳು. ಕಂಬಳ, ಎತ್ತಿನಗಾಡಿ ಓಟಗಳನ್ನು 2014ರ ಸುಪ್ರೀಂ ಕೋರ್ಟ್ ತೀರ್ಪು ಅತಂತ್ರಗೊಳಿಸಿತ್ತು. ರಾಜ್ಯ 2017ರಲ್ಲಿ ತಂದ ತಿದ್ದುಪಡಿಯನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಕಾನೂನು ದಾರಿ ಬಿಟ್ಟಿತು. ಆದರೆ ಬೆಂಗಳೂರಿನ ನಡುವೆ ಅಷ್ಟು ಕೋಣ, ಅಷ್ಟು ಜನ ನಿಲ್ಲಲು ಸಾಧ್ಯವಾದದ್ದು ಅಲ್ಲಿ ಕಟ್ಟಡ ಏಳದ ವಿಶಾಲ ಬಯಲೊಂದು ಉಳಿದಿದ್ದರಿಂದ.

ಗುಡಿಯ ಜೀರ್ಣೋದ್ಧಾರಕ್ಕೆ, ತೇರಿನ ಗಾಲಿಗೆ, ಗೋಪುರದ ಬಣ್ಣಕ್ಕೆ ದಾನಿಗಳು ಸಿಗುತ್ತಾರೆ. ತೇರು ಮುರಿದರೆ ಹೊಸದು ಮಾಡಿಸಬಹುದು. 2017ರಲ್ಲಿ ಅಚ್ಚು ಮುರಿದು ಉರುಳಿದ ಕೊಟ್ಟೂರಿನ ತೇರಿನ ಜಾಗಕ್ಕೆ ಹೊಸ ತೇರು ಬಂತು. ಬಯಲನ್ನು ಹಾಗೆ ಮಾಡಿಸಲಾಗದು. ಊರಿನ ನಕ್ಷೆಯಲ್ಲಿ ಗುಡಿ, ಕೆರೆ, ಸ್ಮಶಾನಗಳನ್ನು ಗುರುತಿಸಿದಂತೆ ಬಂಡಿ ಬಿಡುವ ಬಯಲನ್ನೂ ಗುರುತಿಸಿ, ಅಲ್ಲಿ ಒಂದು ನೀರಿನ ತೊಟ್ಟಿ, ನಾಲ್ಕು ಹುಣಸೆ ಮರ, ಹೆಂಗಸರಿಗೆ ಶೌಚಾಲಯ ಕಟ್ಟಿಸಿದರೆ ಮುಂದಿನ ಜಾತ್ರೆಗೂ ಪರಊರಿನವರು ಬರುತ್ತಾರೆ. ವರ್ಷದ ಉಳಿದ ದಿನ ಅಲ್ಲಿ ದನ ಮೇಯಲಿ, ಹುಡುಗರು ಕ್ರಿಕೆಟ್ ಆಡಲಿ. ದಾವಣಿ ಕಟ್ಟಿದ ಕೆರೆಯಿಂದ ಹೆಸರು ಪಡೆಯಿತೆಂದು ಹೇಳಿಕೊಳ್ಳುವ ಊರಿಗೆ, ದಾವಣಿ ಕಟ್ಟಲು ಎರಡು ಗೂಟದಷ್ಟು ನೆಲ ಉಳಿಸಿಕೊಳ್ಳುವುದು ಹೆಚ್ಚಿನ ಮಾತಲ್ಲ.